ಎರಡು ಲಕ್ಷ ದಾಟಿದ ಪಿಕಪ್: ಮೀಟರ್ ಬಿಡಿ, ಹೊತ್ತ ಲೋಡ್ ಕೇಳಿ

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕು. ಟೊಮೆಟೊ, ಬೀನ್ಸ್ ಬೆಳೆಯುತ್ತೇವೆ. ವಾರಕ್ಕೆ ಮೂರ್ನಾಲ್ಕು ಸಲ ಮೈಸೂರಿನ ಬಂಡಿಪಾಳ್ಯ ಎಪಿಎಂಸಿಗೆ ಮಾಲು ಹೋಗುತ್ತದೆ. ಬಾಡಿಗೆ ಗಾಡಿಗೆ ಕೊಟ್ಟು ಕೊಟ್ಟು ಸಾಕಾಗಿದೆ. ಮಂಡ್ಯದಲ್ಲಿ ಒಂದು 2015ರ ಬೊಲೆರೊ ಪಿಕಪ್ ನೋಡಿದ್ದೇನೆ. ಮೀಟರ್‌ನಲ್ಲಿ 2,40,000 ಕಿ.ಮೀ. ಇದೆ. 4.25 ಲಕ್ಷ ಹೇಳುತ್ತಿದ್ದಾರೆ. 'ಎಂಜಿನ್ ಕೆಲಸ ಆಗಿದೆ, ಪೈಂಟ್ ಹೊಸದು, ಕಣ್ಣು ಮುಚ್ಚಿಕೊಂಡು ತಗೊಳ್ಳಿ' ಅನ್ನುತ್ತಾರೆ. ಇಷ್ಟು ಓಡಿದ ಗಾಡಿ ಕೊಳ್ಳಬಹುದಾ? ಏನೇನು ನೋಡಬೇಕು?

ಉತ್ತರ: ಕೊಳ್ಳಬಹುದು. ಕಣ್ಣು ಮುಚ್ಚಿಕೊಂಡು ಮಾತ್ರ ಬೇಡ. ಹಳೇ ಬಟ್ಟೆ ಹಾಕಿಕೊಂಡು, ಒಂದು ಗೋಣಿಚೀಲ, ಒಂದು ಟಾರ್ಚ್, ಒಂದು ಅಳತೆ ಟೇಪ್ ಹಿಡಿದುಕೊಂಡು ಹೋಗಿ. ಗಾಡಿ ಕೆಳಗೆ ಮಲಗುವ ಕೆಲಸ ಇದೆ.

ಮೊದಲು ಆ ಮೀಟರ್ ವಿಷಯ ಮುಗಿಸಿಬಿಡೋಣ. ನೀವು 2.4 ಲಕ್ಷ ಜಾಸ್ತಿ ಅಂತ ಹೆದರಿದ್ದೀರಿ. ನನಗೆ ಅದು ಕಡಿಮೆ ಅನಿಸುತ್ತಿದೆ. ಹತ್ತು ವರ್ಷ ಅಂತಲೇ ಲೆಕ್ಕ ಹಾಕಿ. ವರ್ಷಕ್ಕೆ 24 ಸಾವಿರ ಆಯಿತು. ವರ್ಷಕ್ಕೆ 300 ದಿನ ದುಡಿದರೆ ದಿನಕ್ಕೆ 80 ಕಿ.ಮೀ. ಮಂಡ್ಯದಿಂದ ಬೆಂಗಳೂರಿಗೆ ಒಂದು ಸಲ ಹೋಗುವುದೇ ಸುಮಾರು 100 ಕಿ.ಮೀ. ದಿನಾ ಅಲ್ಲಿಗೆ ಹೋಗಿ ಬರುವ ಹಳದಿ ಬೋರ್ಡಿನ ಗಾಡಿ ನಾಲ್ಕು ವರ್ಷಕ್ಕೇ 2.4 ಲಕ್ಷ ಮುಟ್ಟಿಬಿಡುತ್ತದೆ. ಹಾಗಾಗಿ ಈ ಗಾಡಿ ಊರೊಳಗಿನ ಕೆಲಸ ಮಾಡಿರಬೇಕು, ಇಲ್ಲವೇ ವರ್ಷಗಟ್ಟಲೆ ನಿಂತಿರಬೇಕು, ಇಲ್ಲವೇ ಯಾರೋ ಮೀಟರ್ ಮುಟ್ಟಿರಬೇಕು. ಮೂರರಲ್ಲಿ ಯಾವುದು ಅಂತ ಗೊತ್ತಾಗುವವರೆಗೆ ಆ ಅಂಕಿಗೆ ಬೆಲೆ ಕೊಡಬೇಡಿ. ಡಿಜಿಟಲ್ ಮೀಟರ್ ಅಂದ ಮಾತ್ರಕ್ಕೆ ನಂಬಲೂ ಬೇಡಿ. ಅದನ್ನು ಲ್ಯಾಪ್‌ಟಾಪ್ ಇಟ್ಟು ಬದಲಾಯಿಸುವವರು ಇದ್ದಾರೆ. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಚಾಸಿ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ನಂಬರ್ ಹಾಕಿದರೆ ಹಳೇ ಸರ್ವಿಸ್‌ಗಳ ಕಿಲೋಮೀಟರ್ ಸಿಗುತ್ತದೆ. ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋಗಿ ಕೇಳಿಸಿ. ವಾರಂಟಿ ಮುಗಿದ ಮೇಲೆ ಬಹಳ ಜನ ಹೊರಗಡೆ ಸರ್ವಿಸ್ ಮಾಡಿಸುತ್ತಾರೆ, ಅದು ತಪ್ಪಲ್ಲ. ಆದರೆ 2018ರಲ್ಲೇ 1.9 ಲಕ್ಷ ಅಂತ ದಾಖಲಾಗಿದ್ದು ಈಗ 2.4 ತೋರಿಸುತ್ತಿದ್ದರೆ ಉಳಿದದ್ದು ನಿಮಗೇ ಅರ್ಥ ಆಗುತ್ತದೆ.

ಪಿಕಪ್‌ನ ಆಯಸ್ಸು ತಿನ್ನುವುದು ಅದು ಹೊತ್ತ ಲೋಡ್. ಹಾಲಿನ ಕ್ಯಾನ್ ಹೊತ್ತು ಟಾರು ರಸ್ತೆಯಲ್ಲಿ ನಾಲ್ಕು ಲಕ್ಷ ಓಡಿದ ಗಾಡಿಯನ್ನು ನಾನು ಧೈರ್ಯವಾಗಿ ತಗೊಳ್ಳುತ್ತೇನೆ. ಎಂ-ಸ್ಯಾಂಡ್ ಹೊತ್ತು ಎಂಬತ್ತು ಸಾವಿರ ಓಡಿದ್ದನ್ನು ಮುಟ್ಟುವುದಿಲ್ಲ. ಒಂದೂವರೆ ಟನ್ ಗಾಡಿಗೆ ಮೂರು ಟನ್ ತುಂಬುವುದು ನಮ್ಮ ಕಡೆ ಹೊಸದೇನಲ್ಲ ಅಲ್ವಾ. ಅದರ ಮೇಲೆ ನಾಲೆ ಏರಿಯ ದಾರಿ. ತುಂಬಿದ ಗಾಡಿಯ ಒಂದು ಚಕ್ರ ಗುಂಡಿಗೆ ಇಳಿದಾಗಲೆಲ್ಲ ಚಾಸಿ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಅದು ಯಾವ ಮೀಟರಿನಲ್ಲೂ ಬರುವುದಿಲ್ಲ.

ಹಾಗಾಗಿ ಮಾತಿನ ನಡುವೆ ಸುಮ್ನೆ ಕೇಳಿ: 'ಏನು ಲೋಡ್ ಹೊಡೀತಿತ್ತು?' ಮಾಲೀಕರು 'ತರಕಾರಿ' ಅಂದರೆ ತಲೆ ಆಡಿಸಿ, ಹಿಂದಿನ ಡಾಲೆ (ತೆರೆಯುವ ತಗಡಿನ ಬಾಗಿಲು) ಇಳಿಸಿ ನೋಡಿ. ತರಕಾರಿ ಕ್ರೇಟ್ ಹೊತ್ತ ಗಾಡಿಯ ತಳದ ತಗಡು ಸವೆದು ನುಣುಪಾಗಿರುತ್ತದೆ. ಸೈಜು ಕಲ್ಲು, ಇಟ್ಟಿಗೆ ಹೊತ್ತದ್ದರಲ್ಲಿ ತಗಡು ಕುಳಿ ಕುಳಿಯಾಗಿ ಬಿದ್ದಿರುತ್ತದೆ, ಪಕ್ಕದ ಡಾಲೆಗಳು ಹೊರಕ್ಕೆ ಉಬ್ಬಿರುತ್ತವೆ. ಮೂಲೆಯ ಸಂದಿಯಲ್ಲಿ ಬೆರಳು ಹಾಕಿದರೆ ಮರಳು ಸಿಗುತ್ತದೆ. ಎಷ್ಟೇ ತೊಳೆದರೂ ಆ ಸಂದಿ ತೊಳೆಯುವವರು ಕಡಿಮೆ. ರಸಗೊಬ್ಬರ, ಕೋಳಿ, ಮೀನು ಈ ಮೂರೂ ಕಬ್ಬಿಣಕ್ಕೆ ವಿಷ. ಅದರಲ್ಲೂ ಮೀನು. ಐಸ್ ಕರಗಿದ ಉಪ್ಪು ನೀರು ದಾರಿಯುದ್ದಕ್ಕೂ ಚಾಸಿ ಮೇಲೆ ತೊಟ್ಟಿಕ್ಕುತ್ತಲೇ ಬರುತ್ತದೆ. ಕರಾವಳಿಯ ಕೆಎ 19, ಕೆಎ 20 ನಂಬರಿನ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಮೈಸೂರಿಗೆ ತಂದವರು ಎರಡು ಮಳೆಗಾಲದಲ್ಲೇ ಚಾಸಿಯ ಅಡ್ಡ ಪಟ್ಟಿ, ಅಂದರೆ ಕ್ರಾಸ್ ಮೆಂಬರ್ ಬದಲಾಯಿಸಿದ್ದನ್ನು ನೋಡಿದ್ದೇನೆ. ನಿಮ್ಮದು ಮಂಡ್ಯದ್ದೇ ಗಾಡಿ ಇರಬಹುದು. ಆದರೂ ಮೊದಲ ನೋಂದಣಿ ಎಲ್ಲಿ ಅಂತ ಆರ್‌ಸಿಯಲ್ಲಿ ನೋಡಿ.

ಈಗ ಒಂದು ಉಪಾಯ ಹೇಳುತ್ತೇನೆ. ಇದನ್ನು ಬಹಳ ಜನ ಮಾಡುವುದಿಲ್ಲ. ಖಾಲಿ ಗಾಡಿಯನ್ನು ವೇ ಬ್ರಿಡ್ಜ್‌ಗೆ ತೆಗೆದುಕೊಂಡು ಹೋಗಿ ತೂಗಿಸಿ. ಕಬ್ಬು, ಅಕ್ಕಿ ಗಿರಣಿಗಳ ಪುಣ್ಯ, ಮಂಡ್ಯದಲ್ಲಿ ವೇ ಬ್ರಿಡ್ಜ್‌ಗೆ ಬರ ಇಲ್ಲ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ ಬರೆದಿರುತ್ತದೆ. ಡೀಸೆಲ್, ಸ್ಟೆಪ್ನಿ, ಟಾರ್ಪಾಲು, ಹಗ್ಗ ಅಂತ ಅರವತ್ತು ಎಪ್ಪತ್ತು ಕಿಲೋ ಆಚೀಚೆ ಇರಲಿ. ಇನ್ನೂರು ಕಿಲೋ ಜಾಸ್ತಿ ಬಂತು ಅಂದರೆ ಆ ಕಬ್ಬಿಣ ಎಲ್ಲಿಂದ ಬಂತು? ಒಂದೋ ಚಾಸಿಗೆ ಒಳಗಿನಿಂದ ಪಟ್ಟಿ ಕೊಟ್ಟಿದ್ದಾರೆ, ಒಂದೋ ಕಮಾನಿಗೆ (ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳಿಗೆ) ಪ್ಲೇಟ್ ಏರಿಸಿದ್ದಾರೆ, ಒಂದೋ ಬಾಡಿಯನ್ನೇ ದಪ್ಪ ತಗಡಿನಲ್ಲಿ ಕಟ್ಟಿಸಿದ್ದಾರೆ. ಯಾವುದಾದರೂ ಸರಿ, ಅದು ಓವರ್‌ಲೋಡ್ ಹೊಡೆಯಲು ಮಾಡಿಸಿದ ಕೆಲಸ. ತೂಕಕ್ಕೆ ಕೊಡುವ ಸಣ್ಣ ದುಡ್ಡಿಗೆ ಗಾಡಿಯ ಅರ್ಧ ಚರಿತ್ರೆ ಸಿಗುತ್ತದೆ.

ಆಮೇಲೆ ಗೋಣಿಚೀಲ ಹಾಸಿ ಕೆಳಗೆ ಹೋಗಿ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಹೋಗಿ. ಬರೀ ಜಾಕಿ ನಂಬಿ ಯಾವತ್ತೂ ಗಾಡಿ ಕೆಳಗೆ ತಲೆ ಹಾಕಬೇಡಿ.

ಹಳದಿ ಬೋರ್ಡಿನ ಗಾಡಿಗೆ ಹೊಸ ಪೈಂಟ್ ಅನ್ನುವುದು ಅನುಮಾನಪಡುವ ವಿಷಯ ಅಲ್ಲ. ಎಫ್‌ಸಿಗೆ, ಅಂದರೆ ಆರ್‌ಟಿಒ ಫಿಟ್‌ನೆಸ್ ಸರ್ಟಿಫಿಕೇಟಿಗೆ ಹೋಗುವ ಮುಂಚೆ ಎಲ್ಲರೂ ಒಂದು ಕೈ ಬಳಿಸುತ್ತಾರೆ. ಕ್ಯಾಬಿನ್ ಮೇಲಿನ ಪೈಂಟ್ ನೋಡಿ ಖುಷಿಯೂ ಪಡಬೇಡಿ, ಹೆದರಲೂ ಬೇಡಿ. ಚಾಸಿಗೆ ದಪ್ಪಗೆ ಕಪ್ಪು ಪೈಂಟ್ ಬಳಿದಿದ್ದರೆ ಮಾತ್ರ ಅಲ್ಲಿ ನಿಲ್ಲಿ. ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಮೆಕ್ಯಾನಿಕ್ ಆಗಿ ಹತ್ತು ವರ್ಷ ಆಗಿದ್ದಾಗ, ನನಗೆ ಎಲ್ಲ ಗೊತ್ತು ಅನ್ನುವ ಸೊಕ್ಕಿನಲ್ಲಿ, ಗ್ಯಾರೇಜಿನ ಕೆಲಸಕ್ಕೆ ಒಂದು ಹಳೇ ಪಿಕಪ್ ತಂದೆ. ಎಂಜಿನ್ ಕೇಳಿದೆ, ಗೇರ್ ಹಾಕಿದೆ, ದುಡ್ಡು ಎಣಿಸಿದೆ. ಚಾಸಿ ಹೊಸದರ ಹಾಗೆ ಕರ್ರಗೆ ಹೊಳೆಯುತ್ತಿತ್ತು. ಮೂರನೇ ತಿಂಗಳಲ್ಲಿ ಮದ್ದೂರಿನಿಂದ ಎಳನೀರು ತುಂಬಿಕೊಂಡು ಬರುವಾಗ ಹಿಂದೆ ಏನೋ ಪಟ್ ಅಂದಿತು. ಇಳಿದು ನೋಡಿದರೆ ಎಡಗಡೆ ಕಮಾನನ್ನು ಚಾಸಿಗೆ ಹಿಡಿಯುವ ಹ್ಯಾಂಗರ್ ಮುಂದೆ ಚಾಸಿ ಬಾಯಿ ಬಿಟ್ಟಿತ್ತು. ಹಳೇ ಬಿರುಕಿಗೆ ಒಂದು ಸಾಲು ವೆಲ್ಡಿಂಗ್ ಎಳೆದು, ಗ್ರೈಂಡ್ ಮಾಡಿ, ಮೇಲೆ ಪೈಂಟ್ ಹೊಡೆದಿದ್ದರು. ಮೇಲೆ ಥಳುಕು, ಒಳಗೆ ಹುಳುಕು ಅಂತ ನಮ್ಮಜ್ಜಿ ಹೇಳುತ್ತಿದ್ದದ್ದು ಈ ಗಾಡಿಗೇ ಇರಬೇಕು.

ಬಿರುಕು ಬಿಡುವ ಜಾಗಗಳು ಹೆಚ್ಚು ಕಡಿಮೆ ನಿಗದಿ. ಹಿಂದಿನ ಕಮಾನಿನ ಹ್ಯಾಂಗರ್‌ಗಳ ಸುತ್ತ, ಕ್ರಾಸ್ ಮೆಂಬರ್ ಬಂದು ಸೇರುವ ಮೂಲೆ, ಕ್ಯಾಬಿನ್ ಮುಗಿದು ಬಾಡಿ ಶುರುವಾಗುವ ಜಾಗ, ಆಮೇಲೆ ಯಾರೋ ಬಾಡಿ ಕೂರಿಸಲು ಹೊಸದಾಗಿ ಕೊರೆದ ತೂತುಗಳು. ಕೂದಲೆಳೆಯಂಥ ಕೆಂಪು ಗೆರೆ ಕಂಡರೆ ಅದು ಬಿರುಕಿನೊಳಗಿನಿಂದ ಇಣುಕುವ ತುಕ್ಕು. ಕಂಪನಿಯ ವೆಲ್ಡಿಂಗ್ ಮೆಷಿನ್ನಿನದು, ಎರಡೂ ಪಕ್ಕ ಒಂದೇ ಥರ ಇರುತ್ತದೆ. ಎಡಗಡೆ ಇದ್ದು ಬಲಗಡೆ ಇಲ್ಲದ ವೆಲ್ಡಿಂಗ್ ನಮ್ಮ ಊರಿನದು. ಪೈಂಟ್ ದಪ್ಪ ಇದ್ದರೆ ನಾಣ್ಯದಿಂದ ಒಂದು ಇಂಚು ಕೆರೆಯಲು ಬಿಡುತ್ತೀರಾ ಅಂತ ಕೇಳಿ. ಬಿಡದವರ ಹತ್ತಿರ ವ್ಯಾಪಾರ ಬೇಡ.

ಚಾಸಿ ಡೊಂಕಾಗಿದೆಯಾ ಅಂತ ನೋಡಲು ಟೇಪ್ ತಂದಿದ್ದೀರಲ್ಲ. ಸ್ಟೇರಿಂಗ್ ನೇರ ಮಾಡಿ, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಎರಡೂ ಪಕ್ಕ ಅಳೆಯಿರಿ. ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಒಂದೋ ಏಟು ಬಿದ್ದಿದೆ, ಇಲ್ಲವೇ ಕಮಾನಿನ ಸೆಂಟರ್ ಬೋಲ್ಟ್ ತುಂಡಾಗಿ, ಹಿಂದಿನ ಎರಡೂ ಚಕ್ರ ಹಿಡಿದಿರುವ ಹೌಸಿಂಗ್ ಜಾರಿದೆ. ಎರಡನೆಯದು ಸಣ್ಣ ರಿಪೇರಿ, ಮೊದಲನೆಯದು ಅಲ್ಲ. ಟೈರುಗಳಿಗೆ ನೀರು ಹೊಡೆದು ಒಣ ರಸ್ತೆಯಲ್ಲಿ ನೇರವಾಗಿ ಸ್ವಲ್ಪ ದೂರ ಓಡಿಸಿದರೂ ಗೊತ್ತಾಗುತ್ತದೆ. ಹಿಂದಿನ ಚಕ್ರದ ಗುರುತು ಒಂದು ಪಕ್ಕಕ್ಕೆ ಜಾಸ್ತಿ ಸರಿದಿದ್ದರೆ ಗಾಡಿ ಏಡಿ ಹಾಗೆ ಓರೆಯಾಗಿ ನಡೆಯುತ್ತಿದೆ ಅಂತ.

ಕೆಳಗೇ ಇದ್ದೀರಿ, ಕಮಾನು ನೋಡಿಬಿಡಿ. ಎರಡೂ ಕಡೆ ಪ್ಲೇಟ್ ಎಣಿಸಿ. ನಡುವೆ ಒಂದು ಪ್ಲೇಟ್ ಬಣ್ಣ, ಅಗಲ ಬೇರೆ ಇದ್ದರೆ ಅದು ಆಮೇಲೆ ಸೇರಿಸಿದ್ದು. ಹಿಂದಿನ ಎರಡೂ ಟೈರ್ ಒಳಗಡೆಯೇ ಸವೆದಿದ್ದರೆ ಹೌಸಿಂಗ್ ಬಗ್ಗಿದೆ ಅಂತ ಅನುಮಾನಪಡಿ. ಆಮೇಲೆ ಹೊರಗೆ ಬಂದು ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೊಟಕ್ ಅಂದರೆ ಬೇರಿಂಗೋ ಬಾಲ್ ಜಾಯಿಂಟೋ ಹೋಗಿದೆ. ಇವೆಲ್ಲ ಸವೆಯುವ ಸಾಮಾನುಗಳು, ಬೆಲೆ ಇಳಿಸಲು ಸಾಕು, ಗಾಡಿ ಬಿಡಲು ಸಾಲದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಸವೆದ ಟೈರಿಗೆ ಹೊಸ ರಬ್ಬರ್ ಹಾಕಿ ರೀಸೋಲ್ ಮಾಡಿದ ಟೈರಾ ಅನ್ನುವುದನ್ನೂ ನೋಡಿಕೊಳ್ಳಿ.

ಇನ್ನು ಎಂಜಿನ್. 'ಬೆಳಿಗ್ಗೆ ಬರುತ್ತೇನೆ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ' ಅಂತ ಹಿಂದಿನ ದಿನವೇ ಹೇಳಿ. ಹೋದ ತಕ್ಷಣ ಬಾನೆಟ್ ಎತ್ತಿ ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನಿಮಗಿಂತ ಮುಂಚೆ ಯಾರೋ ಅದನ್ನು ಎಬ್ಬಿಸಿದ್ದಾರೆ. ಕಾಫಿ ಕುಡಿದು ಬರುತ್ತೇನೆ ಅಂತ ಹೇಳಿ ಎರಡು ಮೂರು ಗಂಟೆ ಬಿಟ್ಟು ಹೋಗಿ. ಸ್ಟಾರ್ಟ್ ಮಾಡುವ ಮುಂಚೆ ರೇಡಿಯೇಟರ್ ಮುಚ್ಚಳ ತೆಗೆಯಿರಿ, ತಣ್ಣಗಿದ್ದಾಗ ಮಾತ್ರ. ಕೂಲಂಟ್ ಇರಬೇಕು. ಬರೀ ಕೆಂಪು ತುಕ್ಕು ನೀರಿದ್ದರೆ ರೇಡಿಯೇಟರ್ ಒಳಗಿನ ಜಾಲರಿ ಕಟ್ಟಿಕೊಂಡಿರುತ್ತದೆ. ಮೇಲೆ ಎಣ್ಣೆ ತೇಲಿದರೆ ಹೆಡ್ ಗ್ಯಾಸ್ಕೆಟ್ಟೋ ಆಯಿಲ್ ಕೂಲರೋ ಹೋಗಿದೆ. ಎಂಜಿನ್ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿ. ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿರುವುದು ಸಹಜ, ಅದಕ್ಕೆ ಹೆದರಬೇಡಿ. ಹಾಲು ಹಾಕಿದ ಕಾಫಿ ಹಾಗಿದ್ದರೆ ನೀರು ಸೇರಿದೆ.

ಕೀ ಹಾಕಿ ಒಂದು ಕ್ಷಣ ನಿಲ್ಲಿ. ಆಯಿಲ್ ಲೈಟ್, ಬ್ಯಾಟರಿ ಲೈಟ್, ಎಂಜಿನ್ ಲೈಟ್ ಇದ್ದರೆ ಅದೂ ಹೊತ್ತಬೇಕು. ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತದೇ ಇದ್ದರೆ ಬಲ್ಬ್ ಕಿತ್ತಿರುವ ಸಾಧ್ಯತೆ ಇದೆ. ಈ ಬುದ್ಧಿವಂತಿಕೆ ನಾನು ಬೇಕಾದಷ್ಟು ನೋಡಿದ್ದೇನೆ.

ತಣ್ಣನೆ ಬೆಳಿಗ್ಗೆ ಒಂದು ನಿಮಿಷ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಪರವಾಗಿಲ್ಲ. ಬಿಸಿ ಆದ ಮೇಲೂ ಬಿಳಿ ಹೊಗೆ ಬರುತ್ತಿದ್ದು, ಕೂಲಂಟ್ ಕಡಿಮೆ ಆಗುತ್ತಿದ್ದರೆ ಹೆಡ್ ಕಡೆ ತೊಂದರೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಆಕ್ಸಿಲರೇಟರ್ ಒತ್ತಿದಾಗ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ಇಂಜೆಕ್ಟರ್, ಟರ್ಬೊ ಇವುಗಳಲ್ಲಿ ಒಂದು. ಕಪ್ಪು ಹೊಗೆಗೆ ಮದ್ದಿದೆ. ನೀಲಿ ಹೊಗೆಗೆ ಎಂಜಿನ್ ಬಿಚ್ಚಬೇಕಾದೀತು.

ಎಂಜಿನ್ ಚೆನ್ನಾಗಿ ಬಿಸಿ ಆಗಲಿ. ಇದು ಮುಖ್ಯ. ದಪ್ಪ ಆಯಿಲ್ ಸುರಿದು ಶಬ್ದ, ಹೊಗೆ ಮುಚ್ಚುವವರು ಇದ್ದಾರೆ. ಆ ನಾಟಕ ಗಾಡಿ ಕಾಯುವ ತನಕ ಮಾತ್ರ. ಬಿಸಿ ಆದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ತುಂಬುವ ಮುಚ್ಚಳ ತೆಗೆದು ಪಕ್ಕದಿಂದ ನೋಡಿ. ಸ್ವಲ್ಪ ಉಸಿರಿನ ಹಾಗೆ ಬಂದರೆ ಇಷ್ಟು ಓಡಿದ ಎಂಜಿನ್‌ಗೆ ಸಹಜ. ಒಲೆ ಊದಿದ ಹಾಗೆ ಭುಸುಭುಸು ಹೊಗೆ ಬಂದರೆ ಅದೇ ನಾವು ಹೇಳುವ ಬ್ಯಾಕ್ ಕಂಪ್ರೆಷನ್. ರಿಂಗ್, ಲೈನರ್ ಸವೆದು ಸಿಲಿಂಡರ್ ಗಾಳಿ ಕೆಳಗಿನ ಚೇಂಬರ್‌ಗೆ ಇಳಿಯುತ್ತಿದೆ ಅಂತ ಅರ್ಥ. ಅದು ಕಂಡರೆ 'ಎಂಜಿನ್ ಕೆಲಸ ಆಗಿದೆ' ಅನ್ನುವ ಮಾತು ಅಲ್ಲಿಗೇ ಸತ್ತಿತು.

ಆ ಮಾತಿನ ಬಗ್ಗೆಯೂ ಹೇಳಬೇಕು. ಎಂಜಿನ್ ಕೆಲಸ ಅಂದರೆ ಏನು ಬೇಕಾದರೂ ಇರಬಹುದು. ಹೆಡ್ ಇಳಿಸಿ ಗ್ಯಾಸ್ಕೆಟ್ ಹಾಕಿದ್ದೂ ಕೆಲಸವೇ. ರಿಂಗು, ಬೇರಿಂಗು ಮಾತ್ರ ಹಾಕಿ ಮುಚ್ಚುವುದು ಮಾರಾಟಕ್ಕೆಂದೇ ಮಾಡಿಸುವ ಕೆಲಸ, ವರ್ಷ ತಳ್ಳುತ್ತದೆ. ಪೂರ್ತಿ ಕೆಲಸ ಅಂದರೆ ಲೈನರ್, ಪಿಸ್ಟನ್, ರಿಂಗ್, ಬೇರಿಂಗ್, ಆಯಿಲ್ ಪಂಪ್, ವಾಲ್ವ್ ಕೆಲಸ, ಬೇಕಾದರೆ ಕ್ರ್ಯಾಂಕ್ ಗ್ರೈಂಡಿಂಗ್. ಅದಕ್ಕೆ ಕಬ್ಬಿಣ ಕಡೆದು ಅಳತೆಗೆ ತರುವ ಲೇತ್ ಅಂಗಡಿಗೆ ಹೋಗಲೇಬೇಕು. ಆದ್ದರಿಂದ ಗ್ಯಾರೇಜ್ ಬಿಲ್ ಕೇಳಬೇಡಿ, ಲೇತ್ ಬಿಲ್ ಕೇಳಿ. ಬಿಲ್ ಕಳೆದುಹೋಗಿದ್ದರೆ ಯಾವ ಲೇತ್ ಅಂತ ಹೆಸರು ಕೇಳಿ, ಹೋಗಿ ವಿಚಾರಿಸಿ. ನಿಜವಾಗಿ ಮಾಡಿಸಿದವರು ಆ ಖರ್ಚನ್ನು ಮರೆತಿರುವುದಿಲ್ಲ. ಬಿಲ್ ಇದೆ, ಕೆಲಸ ಆಗಿ ಹತ್ತು ಸಾವಿರ ಕಿ.ಮೀ. ಓಡಿದೆ, ಬ್ಯಾಕ್ ಕಂಪ್ರೆಷನ್ ಇಲ್ಲ ಅಂದರೆ ಅದು ಒಳ್ಳೇ ಸುದ್ದಿ. ಎಂಜಿನ್ನನ್ನೇ ಬದಲಾಯಿಸಿದ್ದರೆ ಮಾತ್ರ ಎಂಜಿನ್ ನಂಬರ್ ಆರ್‌ಸಿಗೆ ಹೊಂದುತ್ತದಾ ನೋಡಿ. ಹೊಂದದಿದ್ದರೆ ಆರ್‌ಟಿಒ ಬಾಗಿಲಲ್ಲಿ ನಿಲ್ಲುವವರು ನೀವು.

ಇನ್ನೊಂದು ಮಾತು. ಹೊಗೆ ಎಷ್ಟಿರಬೇಕು ಅನ್ನುವ ಬಿಎಸ್ 4 ನಿಯಮ ದೇಶಕ್ಕೆಲ್ಲ ಕಡ್ಡಾಯ ಆದದ್ದು 2017ರ ಏಪ್ರಿಲ್‌ನಲ್ಲಿ. 2015ರ ಗಾಡಿ ಬಿಎಸ್ 3 ಇರಬಹುದು. ಹಳೇ ಥರದ ಡೀಸೆಲ್ ಪಂಪ್ ಇದ್ದರೆ ತಾಲ್ಲೂಕಿನ ಮೆಕ್ಯಾನಿಕ್ಕೂ ಕೈ ಹಾಕುತ್ತಾನೆ. ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಆಗಿದ್ದರೆ ಇಂಜೆಕ್ಟರ್‌ಗಳನ್ನು ಬೆಂಚ್ ಮೇಲೆ ಟೆಸ್ಟ್ ಮಾಡಿಸಬೇಕು, ನಾಲ್ಕೂ ಹೋಗಿದ್ದರೆ ಕೈ ಸುಡುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗಳ ಸೆನ್ಸರ್ ತಲೆನೋವು ಇದರಲ್ಲಿ ಇಲ್ಲ. ಹಳ್ಳಿ ಕೆಲಸಕ್ಕೆ ಅದೂ ಒಂದು ಲಾಭವೇ.

ಓಡಿಸಿ ನೋಡುವುದು ಖಾಲಿ ಗಾಡಿಯಲ್ಲಿ ಪ್ರಯೋಜನ ಇಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಎಂಬತ್ತರಲ್ಲಿ ತೇಲಿಸಿಕೊಂಡು ಬಂದರೆ ಎಲ್ಲ ಗಾಡಿಯೂ ಚೆನ್ನಾಗಿರುತ್ತದೆ. ನಾಲ್ಕೈದು ಕ್ವಿಂಟಲ್ ಆದರೂ ಹೇರಿ, ಮೇಲುಕೋಟೆ ಏರು ಹತ್ತಿಸಿ. ನಿಮಗೆ ಹತ್ತಿರವೂ ಹೌದು. ಏರಿನಲ್ಲಿ ಎಂಜಿನ್ ಕೂಗು ಜಾಸ್ತಿ ಆಗಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕಾವಿನ ಮುಳ್ಳು ನಡು ದಾಟಿ ಮೇಲೆ ಹೋಗಬಾರದು. ಇಳಿಯುವಾಗ ಎರಡು, ಮೂರನೇ ಗೇರಿನಲ್ಲಿ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಡಿ. ಗೇರ್ ತಾನಾಗಿ ಹೊರಗೆ ಹಾರಿದರೆ ಗೇರ್ ಬಾಕ್ಸ್ ಬಿಚ್ಚಬೇಕು. ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಹಿಂದಿನಿಂದ ಬಂದರೆ ಹಿಂದಿನ ಚಕ್ರ ತಿರುಗಿಸುವ ಕ್ರೌನ್ ಗೇರ್ ಸವೆದಿದೆ. ಹೊರಡುವಾಗ ಟಕ್ ಅಂದರೆ ಪ್ರೊಪೆಲ್ಲರ್ ಜಾಯಿಂಟ್, ಅದು ಸಣ್ಣದು. ಖಾಲಿ ರಸ್ತೆಯಲ್ಲಿ ಬ್ರೇಕ್ ಗಟ್ಟಿಯಾಗಿ ಹಿಡಿದು, ಗಾಡಿ ಯಾವ ಕಡೆ ಎಳೆಯುತ್ತದೆ ನೋಡಿ.

ಕಾಗದ ಪತ್ರಕ್ಕೆ ಬರೋಣ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಎಫ್‌ಸಿ, ಇನ್ಶೂರೆನ್ಸ್ ದಿನಾಂಕ ಬರುತ್ತದೆ. ಎಷ್ಟು ಕೈ ಬದಲಾಗಿದೆ, ಸಾಲ ಇದೆಯಾ ಅನ್ನುವುದನ್ನು ಆರ್‌ಸಿಯಲ್ಲಿ ನೋಡಿ. ಬಾಕಿ ದಂಡವನ್ನೂ ಹುಡುಕಿ. ಎಕ್ಸ್‌ಪ್ರೆಸ್‌ವೇ ಕ್ಯಾಮೆರಾಗಳು ಕೆಲವು ಗಾಡಿಗಳ ಮೇಲೆ ದೊಡ್ಡ ಮಾಲೆಯನ್ನೇ ಹಾಕಿವೆ. ಚಾಸಿ ನಂಬರನ್ನು ಕಾಗದದಲ್ಲಿ ಓದಿದರೆ ಸಾಲದು, ಚಾಸಿ ಮೇಲೆ ಕೆತ್ತಿದ್ದನ್ನು ಒರೆಸಿ ಓದಿ. ಸರಕು ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ನಿಮ್ಮದು ಪ್ರತಿ ವರ್ಷದ ಗುಂಪಿಗೆ ಬಂದಿದೆ. 15 ವರ್ಷ ದಾಟಿದರೆ ಎಫ್‌ಸಿ ಶುಲ್ಕ ವಿಪರೀತ ಏರುತ್ತದೆ. ಅಲ್ಲಿಗೆ ಈ ಗಾಡಿಯ ಹತ್ತಿರ ಉಳಿದಿರುವ ವರ್ಷ ಎಷ್ಟು ಅಂತ ಲೆಕ್ಕ ಹಾಕಿ ಬೆಲೆ ಮಾತಾಡಿ. ಆರ್‌ಸಿಯಲ್ಲಿ ಒಟ್ಟು ತೂಕ 3000 ಕಿಲೋ ಒಳಗಿದ್ದರೆ ಪರ್ಮಿಟ್ ಬೇಕಿಲ್ಲ. ಮಾಮೂಲಿ ಕಾರಿನ ಲೈಸೆನ್ಸ್ ಇದ್ದರೆ ಓಡಿಸಲೂ ಸಾಕು. 7500 ಕಿಲೋವರೆಗಿನ ಸರಕು ಗಾಡಿಗೆ ಲೈಸೆನ್ಸ್ ಮೇಲೆ ಬೇರೆ ಅನುಮತಿ (ಬ್ಯಾಡ್ಜ್) ಬೇಡ ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಸ್ಪಷ್ಟ ಮಾಡಿದೆ.

ಸಾಲದ ಗಾಡಿ ಆಗಿದ್ದರೆ ಫೈನಾನ್ಸ್‌ನವರ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲ ತೆಗೆಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಹೆಸರು ಬದಲಾಯಿಸಲು ಫಾರಂ 29 ಮತ್ತು 30. 'ಸಹಿ ಮಾಡಿ ಕೊಡ್ತೀವಿ, ನೀವು ಬೇಕಾದಾಗ ಮಾಡಿಸ್ಕೊಳ್ಳಿ' ಅನ್ನುವ ವ್ಯಾಪಾರಕ್ಕೆ ಒಪ್ಪಬೇಡಿ. ಸಹಿ ಮಾಡಿದವರು ಮಾಲೀಕರೇನಾ, ಬ್ರೋಕರ್‌ನ ಭಾಮೈದನಾ ಅಂತ ಯಾರಿಗೆ ಗೊತ್ತು. ಇನ್ಶೂರೆನ್ಸ್‌ನ್ನೂ ನಿಮ್ಮ ಹೆಸರಿಗೆ ಮಾಡಿಸಲು ವರ್ಗಾವಣೆ ಆದ 14 ದಿನದೊಳಗೆ ಅರ್ಜಿ ಕೊಡಬೇಕು. ಬಿಟ್ಟರೆ ನಿಮ್ಮ ಗಾಡಿಗೆ ಆದ ಹಾನಿಗೆ ಕ್ಲೈಮ್ ಕೇಳುವಾಗ ಕಷ್ಟ.

ಈಗ ನಿಮ್ಮ 4.25 ಲಕ್ಷ. ಚಾಸಿಯಲ್ಲಿ ಬಿರುಕೋ ವೆಲ್ಡಿಂಗೋ ಕಂಡರೆ, ನಂಬರ್ ಹೊಂದದಿದ್ದರೆ, ಮೂರು ಲಕ್ಷಕ್ಕೆ ಕೊಟ್ಟರೂ ಬೇಡ. ಚಾಸಿ ಶುದ್ಧ ಇದ್ದು, ಎಂಜಿನ್ ಮಾತ್ರ ಸುಳ್ಳು ಹೇಳುತ್ತಿದ್ದರೆ, ಪೂರ್ತಿ ಎಂಜಿನ್ ಕೆಲಸಕ್ಕೆ ಆಗುವ ಖರ್ಚನ್ನು ನಿಮ್ಮ ಮೆಕ್ಯಾನಿಕ್ ಹತ್ತಿರ ಬರೆಸಿಕೊಂಡು ಅಷ್ಟನ್ನೂ ಇಳಿಸಿ ಕೇಳಿ. ಎಂಜಿನ್ ಮತ್ತೆ ಕಟ್ಟಿಸಬಹುದು. ಎರಡೂ ಚೆನ್ನಾಗಿದ್ದು ಟೈರು, ಕ್ಲಚ್ಚು, ಜಾಯಿಂಟುಗಳಷ್ಟೇ ಸವೆದಿದ್ದರೆ ಆ ಸಾಮಾನಿನ ಬೆಲೆಯಷ್ಟು ಚೌಕಾಸಿ ಮಾಡಿ ತಗೊಳ್ಳಿ. ನಿಮ್ಮ ಕೆಲಸ ತರಕಾರಿ, ವಾರಕ್ಕೆ ಮೂರ್ನಾಲ್ಕು ಟ್ರಿಪ್. ಮೀಟರ್ ಮೂರು ಲಕ್ಷ ತೋರಿಸಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ತಂದ ಮೊದಲ ವಾರವೇ ಎಂಜಿನ್, ಗೇರ್, ಕ್ರೌನ್ ಮೂರೂ ಆಯಿಲ್, ಎಲ್ಲ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್ ಬದಲಾಯಿಸಿ. ಹಳೇ ಆಯಿಲ್ ಇಳಿಸುವಾಗ ಎದುರಿಗೇ ನಿಂತು, ಡ್ರೈನ್ ಬೋಲ್ಟಿಗೆ ಅಂಟಿದ ಕಸವನ್ನು ಬೆರಳಿಂದ ಒರೆಸಿ ನೋಡಿ. ಬೂದಿಯಂಥ ನುಣ್ಣನೆ ಪುಡಿ ಇದ್ದರೆ ಸರಿ. ಚೂರು ಚೂರು ಕಬ್ಬಿಣ ಕೈಗೆ ಸಿಕ್ಕರೆ ಆ ಕಸವನ್ನು ಕಾಗದದಲ್ಲಿ ಕಟ್ಟಿಕೊಂಡು ನಿಮ್ಮ ಮೆಕ್ಯಾನಿಕ್ ಹತ್ತಿರ ಅವತ್ತೇ ಹೋಗಿ.